ಇರುಳಿನ ಕಣ್ಣು

ಕಳೆದ ತಿಂಗಳು ಶಾಲೆ ಬಿಡುವ ಹೊತ್ತಿಗೆ ಊರಿನ ಒಬ್ಬ ತಾಯಿ ಬಂದು ಕಟ್ಟೆಯ ಮೇಲೆ ಕುಳಿತರು. ಅವರ ಮಗ ನಮ್ಮಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ಈಗ ಕಾಲ್ದಳದ ಸಿಪಾಯಿಯಾಗಿ ರಾಜಸ್ಥಾನದ ಮರಳಿನಲ್ಲಿದ್ದಾನೆ. ರಾತ್ರಿಯ ಕವಾಯತಿನಲ್ಲಿ ದೀಪವಿಲ್ಲದ ಹೆಲಿಕಾಪ್ಟರುಗಳು ತಲೆಯ ಮೇಲೆಯೇ ಹಾರುತ್ತವೆ ಎಂದು ಫೋನಿನಲ್ಲಿ ಹೇಳಿದನಂತೆ. ಆ ತಾಯಿ ಕೇಳಿದ್ದು ಎರಡು ಪ್ರಶ್ನೆ. ಅಂಥ ಕತ್ತಲೆಯಲ್ಲಿ ನಡೆಸುವವನಿಗೆ ಏನಾದರೂ ಕಾಣುತ್ತದೆಯೆ? ಕಂಡರೂ, ಕೆಳಗಿರುವವನು ನಮ್ಮವನೆಂದು ಗುರುತಾಗುತ್ತದೆಯೆ?

ಮೊದಲನೆಯದಕ್ಕೆ ಪಾಠಪುಸ್ತಕದ ಉತ್ತರ ಕೊಟ್ಟೆ. ಎರಡನೆಯದಕ್ಕೆ "ಚಿಂತೆ ಮಾಡಬೇಡಿರಿ" ಎಂದೆ. ಅದು ಉತ್ತರವಲ್ಲವೆಂದು ಅವರಿಗೂ ತಿಳಿಯಿತು, ನನಗೂ ತಿಳಿದಿತ್ತು. ಆಮೇಲೆ ಕುಳಿತು ಓದಿ ತಿಳಿದುಕೊಂಡದ್ದನ್ನು ಈ ಸಲದ ಪುಟದಲ್ಲಿ ಬರೆಯುತ್ತಿದ್ದೇನೆ. ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಿಂದ ಸೈನ್ಯಕ್ಕೆ ಹೋದ ಹುಡುಗರ ಮನೆಗಳು ಒಂದೆರಡಲ್ಲ.

ಅದೇ ಮರುಭೂಮಿಯಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಲೋಂಗೇವಾಲಾ ಎಂಬ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ಏರಿಬಂದವು. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಬಳಿ ಇದ್ದವರು ಸುಮಾರು 120 ಮಂದಿ. ಜೈಸಲ್ಮೇರಿನಲ್ಲಿ ಹಂಟರ್ ವಿಮಾನಗಳಿದ್ದವು, ಆದರೆ ಅವಕ್ಕೆ ಇರುಳಿನಲ್ಲಿ ಹೋರಾಡುವ ಸಾಧನವಿರಲಿಲ್ಲ. ಬೆಳಗಾಗುವತನಕ ಆ ಜನ ಹೇಗೋ ತಡೆದುಕೊಂಡರು. ಬೆಳಕು ಮೂಡಿದ ಮೇಲೆ ಹಂಟರುಗಳು ಬಂದವು. ಮೇಲೆ ಒಂದು ಪುಟ್ಟ ವಿಮಾನದಲ್ಲಿ ಮೇಜರ್ ಆತ್ಮಾ ಸಿಂಗರು ಸುತ್ತುತ್ತ, ಟ್ಯಾಂಕು ಎಲ್ಲಿದೆಯೆಂದು ಬರಿಗಣ್ಣಿನಿಂದ ಕಂಡು ಹೇಳುತ್ತಿದ್ದರು. ಆ ಪುಟ್ಟ ವಿಮಾನ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಹುಟ್ಟಿದ್ದು, ಹೆಸರು 'ಕೃಷಕ'. ರಣರಂಗಕ್ಕೆ ಹೋದ ಯಂತ್ರಕ್ಕೆ ಇಷ್ಟು ಸೌಮ್ಯವಾದ ಹೆಸರು ಮತ್ತೊಂದು ಇರಲಾರದು. ಇರಲಿ. ಅಂದು ಯುದ್ಧದ ಗಡಿಯಾರ ಸೂರ್ಯನ ಕೈಯಲ್ಲಿತ್ತು.

ಇಪ್ಪತ್ತು ವರ್ಷಗಳಲ್ಲಿ ಅದು ಬದಲಾಯಿತು. 1991ರ ಜನವರಿಯಲ್ಲಿ ನಾನು ಶಿಕ್ಷಕರ ತರಬೇತಿಯಲ್ಲಿದ್ದೆ. ಕೊಲ್ಲಿ ಯುದ್ಧದ ವಾರ್ತೆಯನ್ನು ವಸತಿಗೃಹದ ರೇಡಿಯೋದಲ್ಲಿ ಕೇಳುತ್ತಿದ್ದೆವು. ಅದರ ಮೊದಲ ಹೊಡೆತ ಹೆಲಿಕಾಪ್ಟರಿನದೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಜನವರಿ 17ರ ನಸುಕಿನ 2 ಗಂಟೆ 38 ನಿಮಿಷಕ್ಕೆ, ದೀಪ ಆರಿಸಿಕೊಂಡು ಮರಳಿಗೆ ತಾಗುವಷ್ಟು ಕೆಳಗೆ ಹಾರಿಬಂದ ಅಮೆರಿಕದ ಅಪಾಚೆ ಹೆಲಿಕಾಪ್ಟರುಗಳು ಇರಾಕಿನ ಎರಡು ರಡಾರ್ ಠಾಣೆಗಳನ್ನು ಕೆಲವೇ ನಿಮಿಷಗಳಲ್ಲಿ ಕೆಡವಿದವು. ಉಳಿದ ವಿಮಾನಗಳಿಗೆ ದಾರಿ ತೆರೆದದ್ದು ಹೀಗೆ.

ಅವರಿಗೆ ಕಂಡದ್ದಾದರೂ ಹೇಗೆ? ನಮ್ಮ ಕರಿಕಲ್ಲಿನ ಗೋಡೆ ಹೊತ್ತು ಮುಳುಗಿದ ಮೇಲೂ ಅಂಗೈಗೆ ಬಿಸಿಯಾಗಿರುವುದು ಎಲ್ಲರಿಗೂ ಗೊತ್ತು. ಆ ಬಿಸಿ ಅವಕೆಂಪು ಕಿರಣವಾಗಿ ಹೊರಬೀಳುತ್ತಲೇ ಇರುತ್ತದೆ. ನಮ್ಮ ಕಣ್ಣು ಅದನ್ನು ಹಿಡಿಯದು, ಹೆಲಿಕಾಪ್ಟರಿನ ಮೂತಿಯಲ್ಲಿರುವ ಕ್ಯಾಮೆರಾ ಹಿಡಿಯುತ್ತದೆ. ಮನುಷ್ಯನ ಮೈ, ಓಡಿದ ಎಂಜಿನು, ಗುಂಡು ಹಾರಿಸಿದ ನಳಿಗೆ, ಎಲ್ಲವೂ ಬಿಸಿಯ ಗುರುತುಗಳು. ಅಪಾಚೆಯ ಚಾಲಕನ ಬಲಗಣ್ಣಿನ ಮುಂದೆ ಒಂದು ಸಣ್ಣ ಗಾಜು. ಆ ಚಿತ್ರ ಮೂಡುವುದು ಅದರ ಮೇಲೆ. ಎಡಗಣ್ಣು ಮಾತ್ರ ಗೂಡಿನೊಳಗಿನ ಕತ್ತಲೆಯಲ್ಲಿಯೇ ಉಳಿಯುತ್ತದೆ. ಒಂದೇ ತಲೆಯಲ್ಲಿ ಎರಡು ಕಣ್ಣುಗಳು ಎರಡು ಲೋಕಗಳನ್ನು ನೋಡಬೇಕು. ಮೇಲಾಗಿ ಕ್ಯಾಮೆರಾ ಇರುವುದು ಅವನ ತಲೆಯಲ್ಲಲ್ಲ, ಮುಂದೆ, ಕೆಳಗೆ. ತನ್ನ ಕಣ್ಣನ್ನು ಕಿತ್ತು ಬಂಡಿಯ ಮೂಕಿಗೆ ಕಟ್ಟಿದಂತೆ. ಕಾಣುವುದೂ ಸುಮಾರು 40 ಅಂಶದ ಅಗಲ ಮಾತ್ರ. ಗಿಡವಿಲ್ಲದ, ನೆರಳಿಲ್ಲದ ಮರಳಿನ ಮೇಲೆ ಎತ್ತರದ ಅಂದಾಜು ಸಿಗುವುದಿಲ್ಲ. ನೆಲಕ್ಕೆ ಇಳಿದರೆ ರೆಕ್ಕೆಯ ಗಾಳಿಗೆ ಎದ್ದ ಧೂಳು ಅದನ್ನೂ ಮುಚ್ಚುತ್ತದೆ. ದಿನಕ್ಕೆ ಎರಡು ಹೊತ್ತು, ಸಂಜೆ ಮತ್ತು ಬೆಳಿಗ್ಗೆ, ಕಬ್ಬಿಣವೂ ಮರಳೂ ಒಂದೇ ಬಿಸಿಗೆ ಬಂದಾಗ ಟ್ಯಾಂಕು ಆ ಚಿತ್ರದಿಂದ ಮಾಯವಾಗುವುದೂ ಉಂಟು.

ಆದುದರಿಂದ ತಾಯಿಯ ಮೊದಲ ಪ್ರಶ್ನೆಗೆ ಉತ್ತರ: ಕಾಣುತ್ತದೆ, ಆದರೆ ಹೀಗೆ ಕಾಣುತ್ತದೆ.

ಎರಡನೆಯದಕ್ಕೆ ಅದೇ ವರ್ಷದ ಫೆಬ್ರವರಿ 17ರ ರಾತ್ರಿಗೆ ಹೋಗಬೇಕು. ಗಡಿಯ ಬಳಿ ಎರಡು ಬಂಡಿಗಳು ನಿಂತಿವೆ, ಶತ್ರುವಿನವಿರಬಹುದು ಎಂಬ ಸುದ್ದಿ ಬಂದು, ಅಪಾಚೆ ದಳದ ನಾಯಕ ಲೆಫ್ಟಿನೆಂಟ್ ಕರ್ನಲ್ ರಾಲ್ಫ್ ಹೇಲ್ಸ್ ತಾನೇ ಹಾರಿಹೋದ. ದೂರದಿಂದ ಎರಡು ಬಿಸಿಯ ಗುರುತುಗಳು ಕಂಡವು. ಸ್ಥಾನವನ್ನೂ ದಿಕ್ಕನ್ನೂ ಓದಿಕೊಳ್ಳುವುದರಲ್ಲಿ ತಪ್ಪಾಯಿತು. ಕೆಳಗಿನಿಂದಲೂ ಹೊಡೆಯಲು ಒಪ್ಪಿಗೆ ಬಂತು. ಎರಡು ಕ್ಷಿಪಣಿ ಬಿಟ್ಟ. ಎರಡೂ ಅಮೆರಿಕದ ಬಂಡಿಗಳೇ. ಇಬ್ಬರು ಸತ್ತರು, ಆರು ಮಂದಿ ಗಾಯಗೊಂಡರು, ಹೇಲ್ಸನನ್ನು ಅಧಿಕಾರದಿಂದ ಇಳಿಸಿದರು. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಅದು ಬಿಸಿಯನ್ನು ತೋರಿಸಿತ್ತು, ಬಿಸಿಗೆ ದೇಶವಿಲ್ಲ. ಆ ಯುದ್ಧದಲ್ಲಿ ಕಾದಾಡುತ್ತ ಮಡಿದ ಅಮೆರಿಕನ್ನರು 148, ಅವರಲ್ಲಿ 35 ಮಂದಿ ತಮ್ಮವರ ಗುಂಡಿಗೇ ಬಿದ್ದವರು. ಮುಂದೆ ಬರಿಗಣ್ಣಿಗೆ ಕಾಣದೆ ಇರುಳ ಕನ್ನಡಕಕ್ಕೆ ಮಾತ್ರ ಮಿನುಗುವ ಸಣ್ಣ ದೀಪಗಳನ್ನು ಅವಸರದಿಂದ ಮಾಡಿಸಿ ಬಂಡಿಗಳಿಗೆ ಹಂಚಿದರು.

ಅಮೆರಿಕದವರನ್ನೇ ಆಡಿಕೊಳ್ಳುವುದು ಬೇಡ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಂವಿನಲ್ಲಿ, ಹಾಡಹಗಲೇ, ನಮ್ಮ ಎಂಐ-17 ಹೆಲಿಕಾಪ್ಟರು ನಮ್ಮದೇ ಕ್ಷಿಪಣಿಗೆ ಉರುಳಿ, ಒಳಗಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು.

ಈಗ ನಮ್ಮ ಕನ್ನಡ ನಾಡಿನ ಕಾರ್ಖಾನೆಯೂ ಈ ಕೆಲಸದಲ್ಲಿದೆ. 'ಪ್ರಚಂಡ' ಎಂಬ ಹೋರಾಟದ ಹೆಲಿಕಾಪ್ಟರು 2010ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿ, 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರಿತು. ಒಬ್ಬರ ಹಿಂದೊಬ್ಬರು ಇಬ್ಬರು ಕೂರುತ್ತಾರೆ; ಶಿರಸ್ತ್ರಾಣ ತಿರುಗಿದತ್ತ ಮೂತಿಯ 20 ಮಿಲಿಮೀಟರಿನ ತೋಪೂ ತಿರುಗುತ್ತದೆ. 2025ರ ಮಾರ್ಚಿನಲ್ಲಿ ಇನ್ನೂ 156ಕ್ಕೆ ಒಪ್ಪಂದವಾಯಿತು. ಬೆಂಗಳೂರಿನಲ್ಲಿಯೂ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಹೊಸ ಕಾರ್ಖಾನೆಯಲ್ಲಿಯೂ ಅವು ತಯಾರಾಗಬೇಕು. ಕೃಷಕದಿಂದ ಪ್ರಚಂಡಕ್ಕೆ ಬಂದೆವು. ಹುಡುಗನ ತಲೆಯ ಮೇಲೆ ಹಾರಿದ್ದು ಇದೇ ಇರಬಹುದು, ಬೇರೆಯೂ ಇರಬಹುದು.

ಹೋದ ಭಾನುವಾರ ಅವರ ಮನೆಗೆ ಹೋಗಿ ಇದೆಲ್ಲವನ್ನೂ ಹೇಳಿದೆ. ಹೇಲ್ಸನ ಸಂಗತಿಯನ್ನು ಮುಚ್ಚಿಡಲಿಲ್ಲ. ಅವರು ಜೋಳ ಹಸನು ಮಾಡುತ್ತ ಕೇಳಿದರು. ಬಹಳ ಹೊತ್ತಿನ ಮೇಲೆ, "ಆ ಸಣ್ಣ ದೀಪ ನಮ್ಮ ಹುಡುಗರಿಗೂ ಕೊಟ್ಟಿದ್ದಾರೇನ್ರಿ ಗುರುಗಳೆ?" ಎಂದರು. ಮಗನನ್ನೇ ಕೇಳಿರಿ ಎಂದೆ. ಅಂಥದನ್ನು ಫೋನಿನಲ್ಲಿ ಕೇಳಬಾರದೆಂದು ಅವನು ಹೇಳಿದ್ದಾನೆ ಎಂದು ಮೊರವನ್ನು ಮತ್ತೆ ಕೈಗೆತ್ತಿಕೊಂಡರು.