ಹಳೇ ಪಿಕಪ್ಪಿಗೆ ದೊಡ್ಡ ಟೈರು ಬ್ಯಾಡ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಯಾವ ಹಳ್ಳಿಗೆ ಹೋದರೂ ಈಗ ನಾಕೈದು ಹಳೇ ಪಿಕಪ್ ಗಾಡಿ ಕಾಣತಾವ. ಹೊಸಾದು ತಗೊಳ್ಳೂ ಶಕ್ತಿ ನಮ್ಮಂಥ ಒಣಬೇಸಾಯದವರಿಗೆ ಇಲ್ಲ. ಹತ್ತು ವರ್ಷ ಓಡಿದ ಮಹೀಂದ್ರಾ ಪಿಕಪ್ಪೋ, 2005ರಾಗ ಬಂದ ಟಾಟಾ ಏಸ್ ಥರದ ಸಣ್ಣ ಗಾಡಿಯೋ ತಗೊಂಡು, ಅಣ್ಣತಮ್ಮರು ಕೂಡಿ ಕಂತು ಕಟ್ಟತಾರ. ತೊಗರಿ ಕಲಬುರಗಿ ಗಂಜ್‌ಗೆ, ಉಳ್ಳಾಗಡ್ಡಿ ಸೊಲ್ಲಾಪುರಕ್ಕೆ, ಅಮಾಸಿಗೆ ಮಂದಿ ಗಾಣಗಾಪುರಕ್ಕೆ. ಒಂದೇ ಗಾಡಿ ಎಲ್ಲಾ ದುಡಿತದ.

ಇಂಥ ಗಾಡಿ ತಂದ ಮೊದಲನೇ ತಿಂಗಳಿನ್ಯಾಗ ಬರೂ ಖರ್ಚು ಟೈರಿಂದು. ಯಾಕಂದ್ರ ಮಾರೂ ಮನುಷ್ಯಾ ಟೈರು ಬೋಳಾದ ಮ್ಯಾಲೇ ಗಾಡಿ ಮಾರತಾನ. ಆಗ ಅಂಗಡಿಯವರು ಒಂದು ಮಾತು ಹೇಳತಾರ: 'ನಿಮ್ದು ಎರಿ ಭೂಮಿ, ಸ್ವಲ್ಪ ದೊಡ್ಡ ಸೈಜು ಅಗಲಂದು ಹಾಕ್ರಿ, ಗಾಡಿ ಎತ್ತರ ಆಗ್ತದ, ಕೆಸರಿನ್ಯಾಗ ಸಿಗಂಗಿಲ್ಲ.' ಹುಡುಗರಿಗೂ ಅದು ಛಲೋ ಕಾಣತದ. ನನ್ನ ಅಭಿಪ್ರಾಯ ಇದಕ್ಕ ಪೂರಾ ವಿರುದ್ಧ ಅದ. ಹಳೇ ಗಾಡಿಗೆ ಕಂಪನಿ ಹೇಳಿದ ಸೈಜೇ ಹಾಕಬೇಕು, ಮಿಕ್ಕಿದ ರೊಕ್ಕ ಟೈರಿನ ಬಲಕ್ಕೆ ಹಾಕಬೇಕು. ಅಗಲಕ್ಕಲ್ಲ.

ಮೊದಲು ಟೈರಿನ ಮ್ಯಾಲಿನ ಅಂಕಿ ಓದೂದು ಕಲೀಬೇಕು. ನಾನು ಓದಿದ್ದು ಏಳನೇ ತರಗತಿ, ನನಗೂ ಬರತದ. 215/75 R15 ಅಂತ ಬರೆದಿದ್ದರ, ಟೈರಿನ ಅಗಲ 215 ಮಿಲಿಮೀಟರ್. ಅದರ ನೂರಕ್ಕ 75 ಪಾಲು, ಅಂದ್ರ 161 ಮಿಲಿಮೀಟರ್, ಡಿಸ್ಕಿನ ಮ್ಯಾಲಿನ ರಬ್ಬರಿನ ಎತ್ತರ. 15 ಅಂದ್ರ ಡಿಸ್ಕಿನ ಅಳತಿ, ಇಂಚಿನ್ಯಾಗ. R ಅಂದ್ರ ರೇಡಿಯಲ್. ಹಳೇ ಪದ್ಧತಿಯಲ್ಲಿ 7.00-15 ಅಂತ ಇರತದ, 7 ಇಂಚು ಅಗಲ, 15 ಇಂಚಿನ ಡಿಸ್ಕು. ನಡುವ ಬರೇ ಗೀಟು ಇದ್ದರ ಅದು ನೈಲಾನ್ ಟೈರು. ಏಸ್ ಗಾಡಿಗೆ ಮೊದಲಿಂದ ಬಂದದ್ದು 145 R12, ಸಣ್ಣ ಗಾಲಿ.

ಈಗ ಲೆಕ್ಕ ಮಾಡೂಣು. 215/75 R15 ತೆಗೆದು 235/75 R15 ಹಾಕಿದರ ಗಾಲಿ ಒಟ್ಟು 3 ಸೆಂಟಿಮೀಟರ್ ದೊಡ್ಡದಾಗತದ. ಆದರ ಗಾಡಿ ಏರೂದು ಅದರ ಅರ್ಧ, ಒಂದೂವರೆ ಸೆಂಟಿಮೀಟರ್. ಕಿರುಬೆರಳಿನ ದಪ್ಪ! ಇಷ್ಟಕ್ಕ ಭೀಮಾ ದಂಡಿಯ ಕೆಸರು ದಾಟತದೇನು? ನಮ್ಮ ಅಪ್ಪನ ಕಾಲದ ಎತ್ತಿನ ಬಂಡಿಯ ಗಾಲಿ ಎದಿ ಮಟ ಇರತಿತ್ತು, ಆ ಎತ್ತರಕ್ಕೇ ಅದು ಗುಂಡಿ ದಾಟತಿತ್ತು. ಪಿಕಪ್ಪಿನ ಗಾಲಿ ಆ ಎತ್ತರಕ್ಕ ಎಂದೂ ಹೋಗಂಗಿಲ್ಲ.

ಅದರ ಬದಲಿಗೆ ಹೋಗೂದು ಏನು ನೋಡ್ರಿ. ಗಾಲಿ ನೂರಕ್ಕ ನಾಕರಷ್ಟು ದೊಡ್ಡದಾದರ ನೆಲಕ್ಕ ಸಿಗೂ ಎಳೆತ ಅಷ್ಟೇ ಕಮ್ಮಿ. ಹಳೇ ಇಂಜಿನ್, ಸವೆದ ಕ್ಲಚ್ ಪ್ಲೇಟು, ಮ್ಯಾಲ ಲೋಡು. ಏರಿನ್ಯಾಗ ಒಂದು ಗೇರು ಕೆಳಗ ಇಳಸಬೇಕಾಗತದ. ಮೀಟರಿನ್ಯಾಗ 60 ತೋರಿಸಿದಾಗ ಖರೆ ವೇಗ 62ರ ಮ್ಯಾಲ. ಬ್ರೇಕಿಗೂ ಹೆಚ್ಚಿನ ಕೆಲಸ. ಸ್ಟೇರಿಂಗ್ ಪೂರಾ ತಿರುಗಿಸಿದಾಗ ಅಗಲ ಟೈರು ಮಡ್‌ಗಾರ್ಡಿಗೆ ಇಲ್ಲಾ ಪಾಟಾಕ್ಕ ತಿಕ್ಕತದ. ಒಣ ನೆಲದಾಗ ತಿಕ್ಕದಿದ್ದರೂ ಹಸಿ ಎರಿಯಲ್ಲಿ ತಿಕ್ಕೇ ತಿಕ್ಕತದ. ನಮ್ಮ ಎರಿ ಮಣ್ಣು ಟೈರಿಗೆ ರೊಟ್ಟಿಯ ಹಿಟ್ಟಿನಂಗ ಸುತ್ತಿಕೊಂತದ, ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಜಾಗಾ ತುಂಬಿ ಗಾಲಿ ತಿರುಗೂದೇ ನಿಲ್ಲತದ. ಆ ಜಾಗಾ ಎಷ್ಟು ಹೆಚ್ಚು ಇದ್ದರ ಅಷ್ಟು ಒಳ್ಳೇದು. ಅಗಲ ಟೈರು ಆ ಜಾಗಾನೇ ತಿಂತದ.

ಬ್ಯಾರೆ ಗಾಡಿಯ ಡಿಸ್ಕು ತಂದು ಕೂಡಸೂದು ಇನ್ನೂ ಕೆಟ್ಟದ್ದು. ಬೋಲ್ಟಿನ ತೂತು ಹೊಂದಿದರೂ ಗಾಲಿ ಹೊರಗ ಚಾಚಿ ನಿಂತರ ಭಾರ ಬೇರಿಂಗಿನ ಮ್ಯಾಲ ಬೀಳತದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರಕ್ಕ ಬ್ಯಾರೆ ಆಗೂಹಂಗ ಗಾಡಿ ಬದಲಿ ಮಾಡಬಾರದು ಅಂತದ. ಬಾಡಿಗಿ ಗಾಡಿಗೆ ಎಂಟು ವರ್ಷ ಆದಮ್ಯಾಲ ವರ್ಷಾ ಫಿಟ್ನೆಸ್ ತೋರಿಸಬೇಕು. ಅಲ್ಲಿ ತಕರಾರು ಬಂದರ ಬಾಡಿಗಿ ದಿನಾ ಹಾಳು.

ಇನ್ನು ಬಲದ ಮಾತು. ಇದರಾಗೇ ನಮ್ಮವರು ಹೆಚ್ಚು ಮೋಸ ಹೋಗತಾರ. 215/75 R15 ಸೈಜು ಜೀಪಿನಂಥ ಮಂದಿ ಗಾಡಿಗೂ ಬರತದ, ಮಾಲು ಗಾಡಿಗೂ ಬರತದ. ನೋಡಾಕ ಎರಡೂ ಒಂದೇ. ಸೈಜಿನ ಮುಂದ 100 ಅಂತ ಅಂಕಿ ಇದ್ದರ ಆ ಒಂದು ಟೈರು ತಡಿಯೂದು 800 ಕಿಲೋ. 108 ಇದ್ದರ 1000 ಕಿಲೋ, 112 ಇದ್ದರ 1120 ಕಿಲೋ. ಪಿಕಪ್ಪಿನ ಲೋಡು ಬಹಳಷ್ಟು ಹಿಂದಿನ ಎರಡ ಗಾಲಿ ಮ್ಯಾಲೇ ಕೂಡತದ. 800ರ ಎರಡು ಟೈರು ಅಂದ್ರ 16 ಕ್ವಿಂಟಲ್, ಅದರಾಗ ಗಾಡಿಯ ಹಿಂದಿನ ಭಾಗದ ಸ್ವಂತ ತೂಕಾನೂ ಬಂತು. ಹಂಗಾದರ ಚೀಲಕ್ಕ ಉಳಿದದ್ದೆಷ್ಟು? ನೀವೇ ಕೂಡಿಸಿ ಕಳೀರಿ. ಮಾಲು ಗಾಡಿಯ ಟೈರಿನ ಮ್ಯಾಲ LT ಅಂತ ಎರಡು ಇಂಗ್ಲಿಷ್ ಅಕ್ಷರ, 8PR ಇಲ್ಲಾ 10PR ಅಂತ ಪ್ಲೈ ಅಂಕಿ ಇರತದ. ಪ್ಲೈ ಅಂದ್ರ ಬಲದ ಲೆಕ್ಕ, ಒಳಗ ಅಷ್ಟೇ ಪದರು ಇರತಾವ ಅಂತಲ್ಲ. ಅಂಗಡಿಯಲ್ಲಿ 'ಪಿಕಪ್ ಟೈರು ಕೊಡು' ಅಂದರ ಸಾಲದು, ಆ ಅಂಕಿ ಮ್ಯಾಲ ಬೆರಳಿಟ್ಟು ನೋಡಬೇಕು. ಕಂಪನಿ ಏನು ಹೇಳೇದ ಅಂತ ಗಾಡಿಯ ಪುಸ್ತಕದಾಗ ಇರತದ, ಬಾಗಿಲದ ಹತ್ತಿರದ ಚೀಟಿಯಲ್ಲೂ ಇರಬಹುದು. ಹಳೇ ಗಾಡಿಯಲ್ಲಿ ಚೀಟಿ ಅಳಿಸಿದ್ದರ ಷೋರೂಮಿಗೆ ಹೋಗಿ ಗಾಡಿಯ ಮಾಡೆಲ್ ಹೇಳಿ ಕೇಳಬೇಕು. ಈಗ ಕೂಡಿಸಿದ ಟೈರು ನೋಡಿ ಅದೇ ಸೈಜು ತರಬಾರದು, ಹಿಂದಿನ ಮಾಲಕ ಏನು ಹಾಕಿದ್ದನೋ ಯಾರಿಗೆ ಗೊತ್ತು.

ಇದು ಬರೇ ರೊಕ್ಕದ ಮಾತಲ್ಲ. ತೊಗರಿ ಕೊಯ್ಯೂ ದಿನ ಇದೇ ಪಿಕಪ್ಪಿನ ಹಿಂದ ಆಳು ಹೆಣ್ಮಕ್ಕಳು ಇಪ್ಪತ್ತು ಮಂದಿ ನಿಂತು ಬರತಾರ. ಕಾಯ್ದೆ ಪ್ರಕಾರ ಅದು ತಪ್ಪು, ನಡೀತಿರೂದು ಎಲ್ಲರಿಗೂ ಗೊತ್ತು. ಹಿಂದಿನ ಟೈರು ಒಂದು ಒಡದರ ಗಾಡಿ ಯಾವ ಕಡೆ ಹೋಗತದ ಅಂತ ಡ್ರೈವರಿಗೂ ಹೇಳಾಕ ಬರಂಗಿಲ್ಲ. ಅವರು ನಮ್ಮ ಹೊಲಕ್ಕ ಬಂದವರು, ನಮ್ಮ ಅಕ್ಕತಂಗ್ಯಾರು.

ನಮ್ಮ ಭಾಗಕ್ಕ ಇನ್ನೊಂದು ವಿಶೇಷ ಕಾಟ ಅದ. ತೊಗರಿ ಕೊಯ್ದ ಮ್ಯಾಲ ಹೊಲದಾಗ ಉಳಿಯೂ ಕೂಳಿ. 'ಗುಲ್ಬರ್ಗಾ ತೊಗರಿ ಬೇಳೆ'ಗೆ 2019ರಾಗ ಭೌಗೋಳಿಕ ಗುರುತು ಸಿಕ್ಕಿತು ಅಂತ ನಾವು ಹೆಮ್ಮಿಪಡತೀವಿ, ಆದರ ಅದೇ ತೊಗರಿ ಕೂಳಿ ಟೈರಿಗೆ ಭರ್ಚಿ ಇದ್ದಂಗ. ಕುಡಗೋಲಿನಿಂದ ಓರೆಯಾಗಿ ಕೊಯ್ದದ್ದು ಒಣಗಿ ಗೂಟ ಆಗತದ. ತಳದ ರಬ್ಬರಿಗೆ ಚುಚ್ಚಿದರ ಪಂಚರ್ ಹಾಕಬಹುದು. ಟೈರಿನ ಪಕ್ಕಕ್ಕ ಚುಚ್ಚಿದರ ಟೈರೇ ಹೋಯ್ತು, ಅಲ್ಲಿ ರಬ್ಬರು ತೆಳ್ಳಗ, ತ್ಯಾಪಿ ನಿಲ್ಲಂಗಿಲ್ಲ. ಅಗಲ ಟೈರು ಎರಡು ಸಾಲಿನ ಕೂಳಿಗೂ ತಾಗತದ. ಪ್ಲೈ ಹೆಚ್ಚಿದ್ದ, ಕಂಪನಿ ಸೈಜಿನ ಟೈರು ಸಾಲಿನ ನಡುವಿನ ಬಯಲಿನ್ಯಾಗ ಹೋದರ ಉಳಿತದ. ಗಾಡಿ ಬರೂ ದಾರಿಯ ಮ್ಯಾಲಾದರೂ ಆಳಿಗೆ ನೆಲಕ್ಕ ಹತ್ತಿ ನೇರ ಕೊಯ್ಯಾಕ ಹೇಳ್ರಿ. ಸಾಲಿನ ಗುಂಟ ಹೊಡೀರಿ, ಅಡ್ಡ ಬ್ಯಾಡ.

ಎರಡೂ ಹಿಂದಿನ ಗಾಲಿಗೆ ಒಂದೇ ಜೋಡಿ ಇರಬೇಕು. ಒಂದು ಹೊಸಾದು, ಒಂದು ಸವೆದದ್ದು ಹಾಕಿದರ ಒಂದು ಗಾಲಿ ದೊಡ್ಡದು ಒಂದು ಸಣ್ಣದು ಆಗಿ ಡಿಫ್ರೆನ್ಶಲ್ ನೇರ ದಾರಿಯಲ್ಲೂ ಒಳಗೇ ತಿರಗತಿರತದ, ಅಲ್ಲಿನ ಹಲ್ಲು ಸವಿತಾವ. ರೇಡಿಯಲ್ಲು-ನೈಲಾನು ಕೂಡಿಸಬಾರದು. ರಿಸೋಲ್ ಟೈರು ಹಾಕೂದೇ ಆದರ ಹಿಂದ, ಅದೂ ಜೋಡಿ. ಮುಂದ ಎಂದೂ ಬ್ಯಾಡ. ಮುಂದಿನ ಗಾಲಿಗೆ ಉದ್ದ ಗೀರಿಂದು, ಹಿಂದಿನ ಗಾಲಿಗೆ ಬಟನ್ ಇದ್ದದ್ದು. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಆದರ ಕಾಯ್ದೆಯ ಪ್ರಕಾರವೂ ಆ ಟೈರು ಮುಗೀತು. 'ಓಡಿಲ್ಲ, ಹೊಸಾದೇ' ಅಂತ ಮಾರಾಕ ಬಂದವರ ಟೈರಿನ ಪಕ್ಕದ ಕಡೀ ನಾಕು ಅಂಕಿ ನೋಡ್ರಿ. 2319 ಅಂತಿದ್ದರ 2019ನೇ ವರ್ಷದ 23ನೇ ವಾರದಾಗ ಆದದ್ದು. ಗೋದಾಮಿನ್ಯಾಗ ಕುಂತ ರಬ್ಬರೂ ಮುಪ್ಪಾಗತದ.

ಹಂಗಾದರ ಹೆಸರು, ಉದ್ದು ರಾಶಿ ಆಗೂ ಹೊತ್ತಿಗೆ ಮಳಿ ಹಿಡಿತದಲ್ಲ, ಆಗೇನು ಮಾಡೂದು ಅಂತ ಕೇಳತೀರಿ. ಎರಿ ತೊಯ್ದಾಗ ಯಾವ ಸೈಜಿನ ಟೈರೂ ಹೊಲದಾಗ ನಡೆಯಂಗಿಲ್ಲ, ಇದು ಒಪ್ಪಬೇಕಾದ ಮಾತು. ಖಾಲಿ ಪಿಕಪ್ಪು ಮೊದಲು ಸಿಗತದ, ಹಿಂದಿನ ಗಾಲಿ ಮ್ಯಾಲ ಭಾರ ಇರಂಗಿಲ್ಲ, ಎಳಿಯೂದು ಅವೇ ಗಾಲಿ. ನಾಕು ಚೀಲ ಮಣ್ಣು ಹಿಂದ ಇಟ್ಟರ ತುಸು ಹಿಡಿತ ಬರತದ. ಹವಾ ಸ್ವಲ್ಪ ಬಿಡೂ ಪದ್ಧತಿ ಅದ, ಆದರ ಟ್ಯೂಬಿನ ಟೈರಿಗೆ ಹೆಚ್ಚು ಬಿಟ್ಟರ ಟೈರು ಡಿಸ್ಕಿನ ಮ್ಯಾಲ ಸರದು ವಾಲ್ವಿನ ಕುತ್ತಿಗಿ ಹರಿತದ. ಲೋಡು ತುಂಬೂ ಮೊದಲು ಪೂರಾ ಹವಾ ಹಾಕಲೇಬೇಕು.

ಗಾಡಿ ರಸ್ತಾದ ಮ್ಯಾಲೇ ನಿಲ್ಲಿಸಿ, ಹೊಲದಿಂದ ಚೀಲ ಎತ್ತಿನ ಬಂಡಿಯಲ್ಲಿ ತರೂದು ಅಗ್ಗ. ಎತ್ತು ಇಲ್ಲದವರು ಬಾಜೂದವರ ಬಂಡಿ ಕೇಳಲಿ. ಅಗಲ ಟೈರಿಗೆ ಅಂತ ಎತ್ತಿಟ್ಟ ಹೆಚ್ಚಿನ ರೊಕ್ಕ ಇದ್ದರ ಹೊಲದ ಬಾಯಿಗೆ ಎರಡು ಟ್ರ್ಯಾಕ್ಟರ್ ಗರಸು ಹಾಕಸ್ರಿ. ಟೈರು ಸವದು ಹೋಗತದ, ಗರಸು ನಾಕು ಮಳಿಗಾಲ ಇರತದ. ಬಾಜೂ ಹೊಲದವನೂ ಅದೇ ದಾರಿಗೆ ಬರೂದರಿಂದ ಅರ್ಧ ಖರ್ಚು ಅವನಿಗೂ ಹೇಳಬಹುದು. ರೋಹಿಣಿ ಮಳಿ ಬರೂದರೊಳಗ ಹಾಕಿ ನಾಕು ಸಲ ಗಾಡಿ ಹಾಯಿಸಿದರ ಕೂಡತದ, ಆಮ್ಯಾಲ ಹಾಕಿದ್ದು ಎರಿಯೊಳಗ ಇಳಿದು ಹೋಗತದ.