ಪ್ರಿಂಟರ್ ಎಸೆಯುವ ಮುನ್ನ



ಪಾಸ್‌ಪೋರ್ಟ್ ಅರ್ಜಿ ನಾಳೆ ಬೆಳಿಗ್ಗೆ ಕೊಡಬೇಕು, ಮಕ್ಕಳ ಕನ್ನಡ ತರಗತಿಯ ಹಾಳೆ ಇವತ್ತೇ ಬೇಕು. ಅಂಥ ಹೊತ್ತಿಗೇ ಮನೆಯ ಪ್ರಿಂಟರ್ 'ಆಫ್‌ಲೈನ್' ಅನ್ನುತ್ತದೆ. ಸಿಟ್ಟಿಗೆದ್ದು ಹೊಸದನ್ನೇ ಕೊಂಡು ತರುವವರಿದ್ದಾರೆ. ಇದು ದಂಡದ ಖರ್ಚು ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಸಲ ಪ್ರಿಂಟರ್ ಸರಿಯಾಗಿಯೇ ಇರುತ್ತದೆ, ಅದರ ವಿಳಾಸ ಬದಲಾಗಿರುತ್ತದೆ.

ಮನೆಯ ರೂಟರ್ ಪ್ರತಿ ಯಂತ್ರಕ್ಕೂ 192.168.1.20 ಎಂಬಂಥ ಒಂದು ಐಪಿ ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ. ಕರೆಂಟ್ ಹೋಗಿ ಬಂದಾಗ ಅದು ಬದಲಾಗಬಹುದು. ಕಂಪ್ಯೂಟರ್ ಮಾತ್ರ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ! ರೂಟರ್ ಸೆಟ್ಟಿಂಗ್ಸ್‌ನಲ್ಲಿ 'ಡಿಎಚ್‌ಸಿಪಿ ರಿಸರ್ವೇಶನ್' ಮಾಡಿ ಪ್ರಿಂಟರಿಗೆ ಒಂದೇ ವಿಳಾಸ ಕಾಯಂ ಮಾಡಿ. ಕಂಪ್ಯೂಟರಿನಲ್ಲೂ ಅದೇ ವಿಳಾಸ ಕೊಟ್ಟು ಪ್ರಿಂಟರನ್ನು ಮತ್ತೆ ಸೇರಿಸಿ.

ಇನ್ನೆರಡು ವಿಷಯ. ಅನೇಕ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಗೆಸ್ಟ್ ನೆಟ್‌ವರ್ಕಿಗೆ ಸೇರಿದ ಲ್ಯಾಪ್‌ಟಾಪಿಗೆ ಮನೆಯ ಪ್ರಿಂಟರ್ ಸಾಮಾನ್ಯವಾಗಿ ಸಿಗುವುದಿಲ್ಲ.

ಕೊನೆಗೆ, ಆ ವಿಳಾಸವನ್ನು ಚೀಟಿಯಲ್ಲಿ ಬರೆದು ಪ್ರಿಂಟರಿನ ಮೇಲೇ ಅಂಟಿಸಿ. ಈ ವಿದ್ಯೆ ಮನೆಯಲ್ಲಿ ಒಬ್ಬರಿಗೇ ಗೊತ್ತಿದ್ದರೆ, ಅವರು ಊರಲ್ಲಿಲ್ಲದ ದಿನ ಎಲ್ಲರ ಕೆಲಸವೂ ನಿಲ್ಲುತ್ತದೆ. ಮುಂದಿನ ಸಲ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಏನಂತೀರಿ?