ಒಂದು ದಿನ ಸಾಕು, ಆದರೆ ಒಂದೇ ಜಾಗ ಇರಲಿ



ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕಾಲೇಜಿನ ಕಾರಿಡಾರ್‌ಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಈ ಸಲ ಎಲ್ಲಿಗೆ, ಎಷ್ಟು ದುಡ್ಡು, ಬಸ್ಸಿನಲ್ಲಿ ಯಾರ ಪಕ್ಕ ಯಾರು. ಹುಡುಗರ ಪ್ರಶ್ನೆಗಳು ಇಲ್ಲಿಗೇ ಮುಗಿಯುತ್ತವೆ. ಹುಡುಗಿಯರಾದ ನಮಗೆ ಇನ್ನೊಂದು ಪ್ರಶ್ನೆ ಮನೆಯಲ್ಲಿ ಕಾಯುತ್ತಿರುತ್ತದೆ. ಅನುಮತಿ ಪತ್ರ ಕೈಗೆ ಕೊಟ್ಟರೆ ನಮ್ಮ ಅಮ್ಮಿ ಊರಿನ ಹೆಸರು ಓದುವುದಿಲ್ಲ, ಹಣ ಎಷ್ಟೆಂದೂ ನೋಡುವುದಿಲ್ಲ. ಮೊದಲು ಕೇಳುವುದು ಒಂದೇ ಮಾತು: "ವಾಪಸ್ ಎಷ್ಟು ಹೊತ್ತಿಗೆ?"

ತಿಲಕ್ ನಗರ, ಗುರಪ್ಪನಪಾಳ್ಯ, ಬಿಟಿಎಂ ಲೇಔಟ್ ಕಡೆಯಿಂದ ಬರುವ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ರಾತ್ರಿ ತಂಗುವ ಪ್ರವಾಸಕ್ಕೆ ನಮ್ಮ ಬಹಳಷ್ಟು ಮನೆಗಳಲ್ಲಿ ಒಪ್ಪಿಗೆ ಸಿಗುವುದಿಲ್ಲ. ಅದಕ್ಕಾಗಿ ಹೆತ್ತವರನ್ನು ದೂರಲು ನಾನು ಈ ಲೇಖನ ಬರೆಯುತ್ತಿಲ್ಲ. ಬೆಳಿಗ್ಗೆ ಹೋಗಿ ಮಗ್ರಿಬ್ ಒಳಗೆ ಮನೆ ಸೇರುವ ಒಂದು ದಿನದ ಪ್ರವಾಸವೇ ನಮ್ಮಲ್ಲಿ ಅನೇಕರಿಗೆ ಬೆಟ್ಟ, ಕೆರೆ, ಕಾಡು ನೋಡಲು ಇರುವ ಒಂದೇ ಅವಕಾಶ. ಇರುವ ಆ ಒಂದು ದಿನವನ್ನು ನಾವು ಹೇಗೆ ಬಳಸುತ್ತಿದ್ದೇವೆ ಎಂಬುದೇ ನನ್ನ ಪ್ರಶ್ನೆ.

ಕಳೆದ ವರ್ಷದ ಪ್ರವಾಸ ನಿಮಗೆ ನೆನಪಿರಬಹುದು. ಬೆಳಿಗ್ಗೆ ನಂದಿ ಬೆಟ್ಟ ಮತ್ತು ಅಲ್ಲಿನ ಅಮೃತ ಸರೋವರ, ಮಧ್ಯಾಹ್ನ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ ಸಫಾರಿ. ಗೈಡ್ ಸಮೇತ. ಕರಪತ್ರದಲ್ಲಿ ಓದಲು ಬಹಳ ಚೆನ್ನಾಗಿತ್ತು. ಆದರೆ ನಕ್ಷೆ ತೆರೆದು ನೋಡಿ. ನಂದಿ ಬೆಟ್ಟ ನಗರದ ಉತ್ತರಕ್ಕೆ ಸುಮಾರು 60 ಕಿ.ಮೀ., ಬನ್ನೇರುಘಟ್ಟ ನಗರದ ದಕ್ಷಿಣಕ್ಕೆ ಸುಮಾರು 22 ಕಿ.ಮೀ. ಎರಡರ ನಡುವೆ ಇಡೀ ಬೆಂಗಳೂರು, ಅದರ ಎಲ್ಲಾ ಸಿಗ್ನಲ್‌ಗಳೊಂದಿಗೆ.

ಫಜ್ರ್ ಮುಗಿಸಿ ಆರು ಗಂಟೆಗೆ ಹೊರಟೆವು. ಬೆಟ್ಟದ ಮೇಲೆ ಮಂಜು ಇತ್ತು, ಚಳಿ ಇತ್ತು, ಎಲ್ಲರ ಮುಖದಲ್ಲೂ ಖುಷಿ ಇತ್ತು. ಅಮೃತ ಸರೋವರದ ಬಳಿ ನಿಂತದ್ದು ಹತ್ತು ನಿಮಿಷ. ಮೈಕ್ ಹಿಡಿದಿದ್ದ ಗೈಡ್ ಅಣ್ಣ ಹೇಳಿದ್ದು ಎರಡೇ ವಾಕ್ಯ: "ಇದು ಅಮೃತ ಸರೋವರ. ಫೋಟೋ ತೆಗೆದುಕೊಳ್ಳಿ, ಬೇಗ ಬನ್ನಿ, ಟೈಮ್ ಇಲ್ಲ." ನಾವು ಫೋಟೋ ತೆಗೆದುಕೊಂಡೆವು. ಆಮೇಲೆ ಮೂರು ಗಂಟೆ ಬಸ್ಸಿನಲ್ಲಿ ಸಿನಿಮಾ ಹಾಡು. ಬನ್ನೇರುಘಟ್ಟ ತಲುಪಿದಾಗ ಶನಿವಾರದ ಜನಸಂದಣಿ, ಊಟದ ಗಡಿಬಿಡಿ, ಸಾಲು. ಸಫಾರಿ ವಾಹನದಲ್ಲಿ ಕುಳಿತಾಗ ನಾಲ್ಕು ಗಂಟೆ. ಹುಲಿ ಕಂಡಾಗ ಎಲ್ಲರೂ ಒಟ್ಟಿಗೆ ಕಿರುಚಿದೆವು, ಹುಲಿ ಎದ್ದು ಹೋಯಿತು.

ವಾಪಸ್ ಬರುವಾಗ ಹುಳಿಮಾವಿನ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದೆವು. ಅಲ್ಲೇ ಮಗ್ರಿಬ್ ಅಜಾನ್ ಕೇಳಿಸಿತು. ಬಸ್ಸಿನಲ್ಲಿ ಒಬ್ಬೊಬ್ಬರ ಫೋನ್ ಹೊಡೆದುಕೊಳ್ಳತೊಡಗಿತು. ನಮ್ಮ ಅಮ್ಮಿ ನಾಲ್ಕು ಸಲ ಮಾಡಿದರು. ಮಧ್ಯಾಹ್ನವೆಲ್ಲಾ ನಗುತ್ತಿದ್ದ ನನ್ನ ಪಕ್ಕದ ಗೆಳತಿ ಫೋನ್ ಇಟ್ಟು ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಅಬ್ಬಾ ಬೈದಿರಲಿಲ್ಲವಂತೆ. "ಇನ್ನು ಮುಂದಿನ ವರ್ಷ ಕೇಳಬೇಡ" ಎಂದಷ್ಟೇ ಹೇಳಿದರಂತೆ. ಹನ್ನೆರಡು ಗಂಟೆಗೂ ಹೆಚ್ಚಿನ ಆ ಪ್ರವಾಸದಲ್ಲಿ ನಾವು ಅರ್ಧಕ್ಕಿಂತ ಹೆಚ್ಚು ಹೊತ್ತು ಇದ್ದದ್ದು ರಸ್ತೆಯ ಮೇಲೆ. ಅದರ ಬೆಲೆಯಾಗಿ ಅವಳು ಮುಂದಿನ ವರ್ಷದ ಪ್ರವಾಸವನ್ನೇ ಕಳೆದುಕೊಂಡಳು.

ಅಂದು ನಮಗೆ ಯಾರೂ ಹೇಳದಿದ್ದ ವಿಷಯಗಳನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ನಂದಿ ಬೆಟ್ಟದ ಎತ್ತರ 1,478 ಮೀಟರ್. ನಾವು ನಡೆದಾಡಿದ ಆ ಕೋಟೆಯನ್ನು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ಬಲಪಡಿಸಿದ್ದರು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಅರ್ಕಾವತಿ ಹುಟ್ಟುವುದು ಅದೇ ಬೆಟ್ಟದಲ್ಲಿ. ಒಂದು ಕಾಲದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿ ಜಲಾಶಯಗಳು ಅರ್ಕಾವತಿಯವೇ. ದಕ್ಷಿಣ ಪಿನಾಕಿನಿಯ ಮೂಲವೂ ನಂದಿ ಸಾಲಿನ ಬೆಟ್ಟಗಳೇ. ಇನ್ನು ನಮ್ಮ ಬಿಟಿಎಂನ ಮಡಿವಾಳ ಕೆರೆಯ ಕೋಡಿ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ಹರಿದು ಹೋಗಿ ಸೇರುವುದು ಇದೇ ದಕ್ಷಿಣ ಪಿನಾಕಿನಿಯನ್ನು. ಅಂದರೆ ಆ ಬೆಟ್ಟಕ್ಕೂ ನಾವು ದಿನಾ ಬಸ್ಸಿನಿಂದ ನೋಡುವ ಕೆರೆಗೂ ಒಂದು ನದಿಯ ಸಂಬಂಧವಿದೆ. ಸರೋವರದ ಮೆಟ್ಟಿಲ ಬಳಿ ನಿಂತಾಗ ಯಾರಾದರೂ ಇದನ್ನು ಹೇಳಿದ್ದರೆ ಆ ಹತ್ತು ನಿಮಿಷವೂ ಸಾರ್ಥಕವಾಗುತ್ತಿತ್ತು.

ಮೇ ತಿಂಗಳ ರಜೆಯಲ್ಲಿ ಚಾಚಿ ಮತ್ತು ಇಬ್ಬರು ಗೆಳತಿಯರೊಂದಿಗೆ ನಾನು ಮತ್ತೆ ಬನ್ನೇರುಘಟ್ಟಕ್ಕೆ ಹೋದೆ. ಮೊದಲ ಪ್ರಯತ್ನ ನಗೆಪಾಟಲಾಯಿತು. ಅಂದು ಮಂಗಳವಾರ, ಜೈವಿಕ ಉದ್ಯಾನಕ್ಕೆ ವಾರದ ರಜೆ. ಕಂಡಕ್ಟರ್ ಅಣ್ಣನೇ ಹೇಳಿ ಇಳಿಸಿದರು. ಮರುದಿನ ಗುರಪ್ಪನಪಾಳ್ಯದಲ್ಲಿ ಮತ್ತೆ 365 ನಂಬರ್ ಬಸ್ ಹತ್ತಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತ. ನಾವು ನಾಲ್ವರೂ ಹೋಗಿ ಬರಲು ಬಸ್ಸಿಗೆ ಕೊಟ್ಟದ್ದು ಒಂದು ರೂಪಾಯಿಯೂ ಅಲ್ಲ.

ಅಂದು ಜನ ಕಡಿಮೆ. ಸಫಾರಿ ವಾಹನದ ಚಾಲಕರು ವಯಸ್ಸಾದವರು, ಹಳ್ಳಿ ಕಡೆಯ ಕನ್ನಡ. ಕರಡಿಗಳ ಆವರಣದಲ್ಲಿ ಎಂಜಿನ್ ನಿಲ್ಲಿಸಿ, "ಸದ್ದು ಮಾಡಬ್ಯಾಡ್ರವ್ವಾ, ಅವೇ ಬತ್ತವೆ" ಎಂದರು. ಬಂದವು. ಅವು ಗೆದ್ದಲು ಹುಡುಕಿ ನೆಲ ಕೆದಕುವುದನ್ನು ತೋರಿಸುತ್ತಾ, ಇಲ್ಲೇ ಹತ್ತಿರದಲ್ಲಿ ಕುಣಿತದಿಂದ ಬಿಡಿಸಿ ತಂದ ಕರಡಿಗಳಿಗೆಂದೇ ಒಂದು ಕೇಂದ್ರ ಇದೆ ಎಂದು ಹೇಳಿದರು. ಮನೆಗೆ ಬಂದು ಹುಡುಕಿ ಓದಿದೆ. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಬನ್ನೇರುಘಟ್ಟದಲ್ಲಿ ಈ ಕೇಂದ್ರ ನಡೆಸುತ್ತಿದೆ. ಕರಡಿ ಕುಣಿಸಿ ಬದುಕುತ್ತಿದ್ದವರಲ್ಲಿ ಹೆಚ್ಚಿನವರು ಖಲಂದರ್ ಸಮುದಾಯದ ಬಡ ಮುಸ್ಲಿಮರು. ಕರಡಿಗಳನ್ನು ಒಪ್ಪಿಸಿದವರಿಗೆ ಬೇರೆ ಕಸುಬು ಹಿಡಿಯಲು, ಮಕ್ಕಳನ್ನು ಶಾಲೆಗೆ ಕಳಿಸಲು ಆ ಸಂಸ್ಥೆ ನೆರವಾಯಿತು. ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜುವನ್ನು 2009ರ ಡಿಸೆಂಬರ್‌ನಲ್ಲಿ ಇಲ್ಲಿಗೇ ತಂದರು.

ಇದನ್ನು ನಮ್ಮ ದಾದಿಗೆ ಹೇಳಿದೆ. ಚನ್ನಪಟ್ಟಣದಲ್ಲಿ ಚಿಕ್ಕವರಿದ್ದಾಗ ಅವರು ಬೀದಿಯಲ್ಲಿ ಕರಡಿ ಕುಣಿತ ನೋಡಿದವರು, ಮಕ್ಕಳ ಕೊರಳಿಗೆ ಕರಡಿ ಕೂದಲಿನ ತಾಯತ ಕಟ್ಟುವುದನ್ನು ಕಂಡವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೂ ಹಸಿವು ಇತ್ತು, ಅವನಿಗೂ ಹಸಿವು ಇತ್ತು" ಎಂದರು. ಕರಡಿಯ ನೋವಿನ ಬಗ್ಗೆ ಮಾತಾಡುವಾಗ ಅದನ್ನು ಕುಣಿಸಿದವನ ಮನೆಯನ್ನೂ ನೆನಪಿಡಬೇಕು ಎಂಬ ಪಾಠ ನನಗೆ ಯಾವ ನೋಟ್ಸಿನಲ್ಲೂ ಸಿಕ್ಕಿರಲಿಲ್ಲ.

ಚಿಟ್ಟೆ ಉದ್ಯಾನದಲ್ಲೂ ಹೀಗೇ ಆಯಿತು. 2006ರಲ್ಲಿ ಶುರುವಾದ ಅದು ದೇಶದಲ್ಲೇ ಇಂಥ ಮೊದಲ ಉದ್ಯಾನ. ಅಲ್ಲಿನ ಸಿಬ್ಬಂದಿಯೊಬ್ಬರು ನಿಂಬೆ ಎಲೆಯ ಮೇಲಿದ್ದ ಹಸಿರು ಹುಳ ತೋರಿಸಿ, "ನಿಮ್ಮ ಮನೆ ಕರಿಬೇವಿನ ಗಿಡದಲ್ಲೂ ಇರುತ್ತೆ, ಕಿತ್ತು ಎಸೀಬೇಡಿ, ಚಿಟ್ಟೆ ಆಗುತ್ತೆ" ಎಂದರು. ನಮ್ಮ ಮಹಡಿಯ ಕುಂಡದಲ್ಲಿ ಅಮ್ಮಿ ದಿನಾ ಕಿತ್ತು ಎಸೆಯುತ್ತಿದ್ದದ್ದು ಅದನ್ನೇ. ಈಗ ಒಂದು ಕೊಂಬೆಯನ್ನು ಹುಳಕ್ಕೆಂದೇ ಬಿಟ್ಟಿದ್ದಾರೆ. ಮನೆಯಲ್ಲಿ ದಖ್ಖನಿ ಮಾತಾಡುವ ನಮಗೆ ಎಷ್ಟೋ ಗಿಡ, ಹಕ್ಕಿ, ಹುಳಗಳ ಹೆಸರು ಯಾವ ಭಾಷೆಯಲ್ಲೂ ಗೊತ್ತಿಲ್ಲ. ಅಂದು ಕೆಲವು ಹೆಸರುಗಳನ್ನು ಕನ್ನಡದಲ್ಲಿ ಕಲಿತು ಬಂದೆವು. ಅಸರ್ ಹೊತ್ತಿಗೆ ಮನೆಯಲ್ಲಿದ್ದೆವು.

ಎರಡೂ ಸಲ ಹೋದದ್ದು ಅದೇ ಬನ್ನೇರುಘಟ್ಟಕ್ಕೆ. ಎರಡನೇ ಸಲ ನಮಗೆ ಸಮಯವಿತ್ತು, ನಿಂತು ಹೇಳುವವರೂ ಇದ್ದರು. ಸಲೀಂ ಅಲಿಯವರ ಕಥೆ ನಿಮಗೆ ಗೊತ್ತಿರಬಹುದು. ಹುಡುಗನಾಗಿದ್ದಾಗ ತಾನು ಹೊಡೆದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಗುರುತು ಕಂಡು, ಅದು ಯಾವ ಹಕ್ಕಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಆ ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಕಪಾಟುಗಳನ್ನು ತೆರೆದು ಒಂದೊಂದೇ ಹಕ್ಕಿ ತೋರಿಸಿದರು. ಆ ಹುಡುಗ ಮುಂದೆ ದೇಶದ ಅತಿ ದೊಡ್ಡ ಪಕ್ಷಿತಜ್ಞನಾದ, ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದ. ಕಪಾಟು ತೆರೆದು ತೋರಿಸುವ ಅಂಥವರನ್ನೇ ನಾನು ಗೈಡ್ ಎನ್ನುವುದು.

"ಪ್ರವಾಸ ಎಂದರೆ ಮಜಾ, ಅಲ್ಲೂ ಪಾಠ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಮಜಾ ಬೇಡ ಎಂದು ನಾನು ಹೇಳುತ್ತಿಲ್ಲ. ಕರಡಿ ತಾನಾಗಿ ಹತ್ತಿರ ಬಂದಾಗ ನಮಗಾದ ಖುಷಿ ಬಸ್ಸಿನ ಹಾಡಿಗಿಂತ ಕಡಿಮೆಯದಲ್ಲ. "ಒಂದೇ ಜಾಗಕ್ಕೆ ಇಷ್ಟು ದುಡ್ಡಾ?" ಎಂದು ಇನ್ನು ಕೆಲವರು. ಡೀಸೆಲ್‌ಗೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿದರೆ ಒಳ್ಳೆಯ ಗೈಡ್‌ಗೆ ಕೊಡಬಹುದು. ಹಣ ಹೊಂದಿಸಲಾಗದೆ ಹಿಂದೆ ಉಳಿಯುವ ಸಹಪಾಠಿಗಳೂ ಆಗ ಬರಬಹುದು.

ಇದು ಬರೀ ನಮ್ಮ ಖುಷಿಯ ಪ್ರಶ್ನೆಯೂ ಅಲ್ಲ. ನಾವು ಸಫಾರಿಯಲ್ಲಿ ನೋಡುವುದು ಬೇಲಿಯೊಳಗಿನ ಜೈವಿಕ ಉದ್ಯಾನವನ್ನು. ಅದರಾಚೆ 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನವಿದೆ, ಸುಮಾರು 260 ಚದರ ಕಿ.ಮೀ. ಕಾಡು. ಕಾವೇರಿ ವನ್ಯಜೀವಿಧಾಮದಿಂದ, ತಮಿಳುನಾಡಿನ ತಳಿ ಕಾಡುಗಳಿಂದ ಆನೆಗಳು ಬಂದು ಹೋಗುವ ದಾರಿ ಅದು. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಕಡಿಮೆಯಾದದ್ದು ಸರಿಯೋ ತಪ್ಪೋ ಎಂದು ನಾಳೆ ಮತದಾರರಾಗುವ ನಾವು ಯೋಚಿಸಬೇಕಲ್ಲವೇ? ಬನ್ನೇರುಘಟ್ಟ ರಸ್ತೆಯ ಈ ತುದಿಯಲ್ಲಿ ನಮ್ಮ ಮನೆಗಳಿವೆ, ಆ ತುದಿಯಲ್ಲಿ ಆನೆಗಳಿವೆ. ಭೂಮಿ ನಮ್ಮ ಕೈಗೆ ಕೊಟ್ಟ ಅಮಾನತ್ ಎಂದು ನಾವು ಭಾಷಣ ಸ್ಪರ್ಧೆಗಳಲ್ಲಿ ಹೇಳುತ್ತೇವೆ. ಅಮಾನತ್ ಏನೆಂದು ಒಮ್ಮೆಯಾದರೂ ಸರಿಯಾಗಿ ನೋಡದೆ ಅದನ್ನು ಕಾಯುವುದು ಹೇಗೆ?

ಆದ್ದರಿಂದ ನಮ್ಮ ಪ್ರಾಂಶುಪಾಲರಲ್ಲಿ ಮತ್ತು ಪ್ರವಾಸ ಸಮಿತಿಯ ಉಪನ್ಯಾಸಕರಲ್ಲಿ ನನ್ನ ಮನವಿ ಇಷ್ಟೇ. ಮೊದಲನೆಯದಾಗಿ, ಒಂದು ದಿನಕ್ಕೆ ಒಂದೇ ಜಾಗ. ಈ ವರ್ಷ ಬನ್ನೇರುಘಟ್ಟವಾದರೆ ಮುಂದಿನ ವರ್ಷ ನಂದಿ ಬೆಟ್ಟ. ಎರಡನೆಯದಾಗಿ, ಜನಸಂದಣಿಯ ಶನಿವಾರ, ಭಾನುವಾರ ಬಿಟ್ಟು ವಾರದ ಬೇರೆ ದಿನ (ಮಂಗಳವಾರ ಮಾತ್ರ ಬೇಡ!). ಮೂರನೆಯದಾಗಿ, ಆ ಜಾಗವನ್ನು ಬಲ್ಲ, ಕನ್ನಡದಲ್ಲಿ ವಿವರಿಸುವ ಗೈಡ್ ಒಬ್ಬರನ್ನು ಮೊದಲೇ ಗೊತ್ತು ಮಾಡಿ, ಹೊರಡುವ ಹಿಂದಿನ ದಿನ ಒಂದು ಪೀರಿಯಡ್ ನಮಗೆ ಸಿದ್ಧತೆಗೆ ಕೊಡಬೇಕು. ನಾಲ್ಕನೆಯದಾಗಿ, ಜೊಹರ್ ನಮಾಜಿಗೆ ಮತ್ತು ಹುಡುಗಿಯರ ಅನುಕೂಲಕ್ಕೆ ಜಾಗ ಎಲ್ಲಿ ಎಂಬುದನ್ನು ಮೊದಲೇ ನೋಡಿಡಬೇಕು. ಕೊನೆಯದಾಗಿ, ಮಗ್ರಿಬ್‌ಗೆ ಒಂದು ಗಂಟೆ ಮುಂಚೆ ಬಸ್ಸು ಕಾಲೇಜಿನ ಗೇಟಿನಲ್ಲಿರಬೇಕು. ಅದನ್ನು ಅನುಮತಿ ಪತ್ರದಲ್ಲೇ ಬರೆಯಬೇಕು, ಬರೆದಂತೆ ನಡೆಯಬೇಕು.

ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದೂ ಇದೆ. ಮಡಿವಾಳ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ, ಜಯನಗರದ ಪಕ್ಕದ ಯಡಿಯೂರು ಕೆರೆ ನಮ್ಮಿಂದ ಎಷ್ಟು ದೂರ? ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ಊರಿನಲ್ಲಿ ದೊಡ್ಡ ನದಿಯಿಲ್ಲದೆ, ಮಳೆ ನೀರು ಹಿಡಿಯಲು ಹಿಂದಿನವರು ಕಟ್ಟಿದ ಕೆರೆಗಳಿವು. ಒಂದು ಬೆಳಿಗ್ಗೆ ಕಾಲೇಜಿಗೆ ಬರುವ ಮುಂಚೆ ಅರ್ಧ ಗಂಟೆ ಅಲ್ಲಿ ನಿಂತು ನೋಡಿ.

ಕಳೆದ ವಾರ ಆ ಗೆಳತಿಯನ್ನು ಕೇಳಿದೆ, ಈ ಸಲ ಬರುತ್ತೀಯಾ ಎಂದು. "ನಾನು ಅಬ್ಬಾಗೆ ಏನಂತ ಹೇಳಲಿ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಅನುಮತಿ ಪತ್ರದಲ್ಲಿ ವಾಪಸ್ ಬರುವ ಸಮಯವನ್ನು ನಂಬುವಂತೆ ಬರೆದುಕೊಟ್ಟರೆ, ಅದನ್ನು ಹಿಡಿದುಕೊಂಡು ಅವಳ ಮನೆಗೆ ನಾನೇ ಹೋಗಿ ಕೇಳುತ್ತೇನೆ.

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿನಿ)